ಮಿಡಿ ಸಂದೇಶಗಳಲ್ಲಿ ಗಮಕದ ಅಳತೆ: ಒಂದು ಟಿಪ್ಪಣಿ

ಕರ್ನಾಟಕ ಸಂಗೀತವನ್ನು ಕೀಬೋರ್ಡಿನಲ್ಲಿ ನುಡಿಸುವಾಗ ಬಲಗೈ ಕೀಗಳ ಮೇಲಿರುತ್ತದೆ, ಎಡಗೈ ಪಿಚ್ ಬೆಂಡ್ ಚಕ್ರದ ಮೇಲೆ. ವೀಣೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಹೊರಡಿಸುವ ಕಂಪಿತವನ್ನು ಇಲ್ಲಿ ಆ ಚಕ್ರ ಹೊರಡಿಸಬೇಕು. ಹೀಗೆ ನುಡಿಸಿದ್ದನ್ನು ಮಿಡಿ ಕಡತವಾಗಿ ಉಳಿಸಿಕೊಂಡರೆ ಗಮಕ ಅಂಕಿಗಳ ಸಾಲಾಗುತ್ತದೆ. ಆ ಸಾಲಿನಿಂದ ಗಮಕವನ್ನು ಮರಳಿ ಓದಬಹುದೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಮಿಡಿಯಲ್ಲಿ ಇರುವುದೇ 128 ಹಂತ, ಅಷ್ಟರಲ್ಲಿ ಗಮಕ ಹಿಡಿಸದು ಎನ್ನುವವರಿದ್ದಾರೆ. ಲೆಕ್ಕ ಹಾಕಿದರೆ ತೊಡಕು ಬೇರೆಡೆ ಕಾಣುತ್ತದೆ.

ಸಂದೇಶಗಳ ಸ್ವರೂಪ

1983ರ ಆಗಸ್ಟಿನಲ್ಲಿ ಪ್ರಕಟವಾದ ಮಿಡಿ 1.0ರಲ್ಲಿ 16 ಚಾನೆಲ್‌ಗಳಿವೆ. ಕಂಟ್ರೋಲರ್ ಸಂದೇಶಕ್ಕೆ ಒಂದು ಕ್ರಮಸಂಖ್ಯೆ, ಒಂದು ಬೆಲೆ; ಬೆಲೆ 0ಯಿಂದ 127ರವರೆಗೆ. 1 ಮಾಡ್ಯುಲೇಶನ್ ಚಕ್ರ, 7 ವಾಲ್ಯೂಮ್, 11 ಎಕ್ಸ್‌ಪ್ರೆಶನ್, 64 ಸಸ್ಟೇನ್ ಪೆಡಲ್. 128 ಹಂತವೆಂಬ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಪಿಚ್ ಬೆಂಡ್ ಈ ಗುಂಪಿಗೆ ಸೇರಿದ್ದಲ್ಲ. ಅದು ಪ್ರತ್ಯೇಕ ಸಂದೇಶ. ಏಳೇಳು ಬಿಟ್‌ಗಳ ಎರಡು ಭಾಗ ಸೇರಿ 14 ಬಿಟ್, ಅಂದರೆ 16,384 ಹಂತ. ನಡುಬಿಂದು 8192.

ಚಕ್ರವನ್ನು ತುದಿಗೆ ತಳ್ಳಿದಾಗ ಸ್ವರ ಎಷ್ಟು ಬಾಗಬೇಕೆಂಬುದನ್ನು ಮಾತ್ರ ಕಂಟ್ರೋಲರ್‌ಗಳೇ ತೀರ್ಮಾನಿಸುತ್ತವೆ. 101 ಮತ್ತು 100ಕ್ಕೆ ಸೊನ್ನೆ ಕಳಿಸಿ, 6ರಲ್ಲಿ ವ್ಯಾಪ್ತಿಯನ್ನು ಅರ್ಧಸ್ವರಗಳಲ್ಲಿ ಹೇಳಬೇಕು. ಏನೂ ಹೇಳದಿದ್ದರೆ ಸಾಮಾನ್ಯವಾಗಿ ಆಚೀಚೆ ಎರಡೆರಡು ಅರ್ಧಸ್ವರ.

ತೋಡಿಯ ಗಾಂಧಾರ

ಪಕ್ಕದ ಎರಡು ಕೀಗಳ ನಡುವಣ ಅಂತರ 100 ಸೆಂಟ್. ತೋಡಿಯ ಸಾಧಾರಣ ಗಾಂಧಾರ ಒಂದೆಡೆ ಶುದ್ಧ ರಿಷಭದತ್ತ, ಇನ್ನೊಂದೆಡೆ ಶುದ್ಧ ಮಧ್ಯಮದತ್ತ ತೂಗುತ್ತದೆ. ಗಾಂಧಾರದ ಕೀಯಿಂದ ಎಣಿಸಿದರೆ ಎರಡು ಕಡೆಗೂ ಎರಡೆರಡು ಕೀ. ಎಂದರೆ ಎರಡು ಅರ್ಧಸ್ವರದ ವ್ಯಾಪ್ತಿಯೇ ಈ ಕಂಪಿತಕ್ಕೆ ಸಾಕು. 400 ಸೆಂಟನ್ನು 16,384ರಿಂದ ಭಾಗಿಸಿದರೆ ಒಂದು ಹಂತಕ್ಕೆ 0.024 ಸೆಂಟ್. ನಮ್ಮ ಶಾಸ್ತ್ರ ಪ್ರಮಾಣ ಶ್ರುತಿ ಎನ್ನುವ 81/80ರ ಅಂತರ ಸುಮಾರು 21.5 ಸೆಂಟ್, ಅದರ ಎಂಟುನೂರರಲ್ಲಿ ಒಂದು ಪಾಲಿಗಿಂತಲೂ ಈ ಹಂತ ಕಿರಿದು.

ಕಷ್ಟ ಶುರುವಾಗುವುದು ಜಾರುವಿನಲ್ಲಿ. ಪಂಚಮದಿಂದ ತಾರ ಷಡ್ಜಕ್ಕೆ ಐದು ಅರ್ಧಸ್ವರ. ಎರಡರ ವ್ಯಾಪ್ತಿ ಅಲ್ಲಿಗೆ ಮುಟ್ಟದು. ಅದಕ್ಕಾಗಿ ವ್ಯಾಪ್ತಿಯನ್ನು 12ಕ್ಕೆ ಏರಿಸಿದರೂ ಹಂತ 0.15 ಸೆಂಟಿನಷ್ಟೇ ಇರುತ್ತದೆ. ಚಕ್ರ 14 ಬಿಟ್‌ಗಳನ್ನೂ ಬಳಸಿದರೆ ಮಾತ್ರ. ಕೆಲವು ಸಾಧನಗಳು ಕೆಳಗಿನ ಏಳು ಬಿಟ್‌ಗಳನ್ನು ಸೊನ್ನೆಯಾಗಿಯೇ ಬಿಡುತ್ತವೆ. ಅಂಥ ಚಕ್ರದಲ್ಲಿ 12ರ ವ್ಯಾಪ್ತಿ ಇಟ್ಟರೆ ಒಂದೊಂದು ಹಂತವೂ 18.75 ಸೆಂಟ್, ಹೆಚ್ಚುಕಡಿಮೆ ಒಂದು ಪ್ರಮಾಣ ಶ್ರುತಿ. ತೋಡಿಯ ಇಡೀ ತೂಗಾಟಕ್ಕೆ ಸಿಗುವುದು ಇಪ್ಪತ್ತೊಂದು ಹಂತ. ಕಿವಿಗೆ ಬೀಳುವುದು ತೂಗಾಟವಲ್ಲ, ಮೆಟ್ಟಿಲು. ದೋಷ ಮಿಡಿಯದಲ್ಲ; ಆ ಚಕ್ರಕ್ಕೆ ಆ ವ್ಯಾಪ್ತಿ ಹೊಂದುವುದಿಲ್ಲ, ಅಷ್ಟೆ.

ವೇಗ ಮತ್ತು ಚಾನೆಲ್

ಹಳೆಯ ಐದು ಪಿನ್ನಿನ ಕೇಬಲ್ಲಿನ ವೇಗ ಸೆಕೆಂಡಿಗೆ 31,250 ಬಿಟ್. ಮೂರು ಬೈಟಿನ ಸಂದೇಶಕ್ಕೆ 0.96 ಮಿಲಿಸೆಕೆಂಡ್. ಕಂಪಿತ ಸೆಕೆಂಡಿಗೆ ಐದು ಸಲ ತೂಗುತ್ತದೆ ಎಂದಿಟ್ಟುಕೊಂಡರೆ ಒಂದು ತೂಗಿಗೆ ಇನ್ನೂರಕ್ಕೂ ಹೆಚ್ಚು ಸಂದೇಶ ಹೋಗಬಲ್ಲವು. ಒಬ್ಬರ ನುಡಿಸಾಣಿಕೆಗೆ ಅದು ಧಾರಾಳ. ಅದೇ ಕೇಬಲ್ಲಿಗೆ ಹಲವು ಚಾನೆಲ್‌ಗಳ ಕಂಟ್ರೋಲರ್‌ಗಳು ಒಟ್ಟಿಗೆ ನುಗ್ಗಿದರೆ ಮಾತ್ರ ಸಾಲು ನಿಲ್ಲಬೇಕಾಗುತ್ತದೆ.

ಪಿಚ್ ಬೆಂಡ್ ಇಡೀ ಚಾನೆಲ್‌ಗೆ ಅನ್ವಯಿಸುತ್ತದೆ. ಷಡ್ಜ ಪಂಚಮಗಳ ಶ್ರುತಿಯನ್ನು ಅದೇ ಚಾನೆಲ್‌ನಲ್ಲಿ ಹಿಡಿದಿಟ್ಟರೆ ಗಾಂಧಾರದ ಜತೆಗೆ ಶ್ರುತಿಯೂ ತೂಗುತ್ತದೆ. ಕಛೇರಿಯಲ್ಲಿ ಶ್ರುತಿಗೆ ಬೇರೆ ಚಾನೆಲ್ ಇರಲೇಬೇಕು. 2018ರಲ್ಲಿ ಅಂಗೀಕಾರವಾದ ಎಂಪಿಇ ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಟ್ಟು ಇದನ್ನು ಪರಿಹರಿಸಿತು. ಅದರಲ್ಲಿ ಸ್ವರದ ರೂಢಿಯ ವ್ಯಾಪ್ತಿ 48 ಅರ್ಧಸ್ವರ. ನುಡಿಸುವ ಸಾಧನ 48 ಎಂದುಕೊಂಡು, ನಾದ ಹೊರಡಿಸುವ ಸಾಧನ 2 ಎಂದುಕೊಂಡರೆ ಗಮಕ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. 2020ರ ಮಿಡಿ 2.0 ಕಂಟ್ರೋಲರ್‌ಗಳಿಗೆ 32 ಬಿಟ್ ಕೊಟ್ಟಿದೆ.

ಫಲಿತ

ಮಿಡಿ ಕಡತದಲ್ಲಿ ಉಳಿಯುವುದು ಚಕ್ರ ಎಲ್ಲಿತ್ತು ಎಂಬುದು, ಸ್ವರ ಎಲ್ಲಿತ್ತು ಎಂಬುದಲ್ಲ. 12,288 ಎಂಬ ಅಂಕಿ ವ್ಯಾಪ್ತಿ 2 ಆಗಿದ್ದರೆ 100 ಸೆಂಟ್ ಮೇಲೆ, 12 ಆಗಿದ್ದರೆ 600 ಸೆಂಟ್ ಮೇಲೆ. ಗಾಂಧಾರದ ಕೀಯಿಂದ ಹೊರಟರೆ ಮೊದಲನೆಯದು ಅಂತರ ಗಾಂಧಾರ, ಎರಡನೆಯದು ಚತುಶ್ರುತಿ ಧೈವತ. ವಾದ್ಯದ ಸೆಟ್ಟಿಂಗ್‌ನಲ್ಲಿ ಕೈಯಾರೆ ವ್ಯಾಪ್ತಿ ಬದಲಿಸಿ, ಅದನ್ನು ಕಡತದಲ್ಲಿ ದಾಖಲಿಸದೆ ಬಿಟ್ಟರೆ, ಮುಂದೆ ಓದುವವರಿಗೆ ಇವೆರಡರ ಭೇದ ತಿಳಿಯಲು ದಾರಿಯಿಲ್ಲ.

ಆದ್ದರಿಂದ ಗಮಕವನ್ನು ಮಿಡಿಯಲ್ಲಿ ದಾಖಲಿಸುವ ಕಲಾವಿದರಲ್ಲೂ ಸಂಶೋಧಕರಲ್ಲೂ ಒಂದು ವಿನಂತಿ. ಮೊದಲ ಸ್ವರಕ್ಕೂ ಮುಂಚೆ 101, 100, 6 ಈ ಮೂರು ಕಂಟ್ರೋಲರ್‌ಗಳ ಮೂಲಕ ವ್ಯಾಪ್ತಿಯನ್ನು ಬರೆಯಿರಿ. ಬಳಿಕ 101 ಮತ್ತು 100ಕ್ಕೆ 127 ಕಳಿಸಿ ಬಾಗಿಲು ಮುಚ್ಚಿರಿ. ಷಡ್ಜ ಯಾವ ಕೀಯಲ್ಲಿತ್ತು, ಚಕ್ರ ಎಷ್ಟು ಬಿಟ್‌ಗಳದ್ದು ಎಂಬುದನ್ನೂ ಕಡತದ ಜತೆ ಬರೆದಿಡಿ. ಇಷ್ಟಿದ್ದರೆ ಇಂದು ನುಡಿಸಿದ ತೋಡಿಯನ್ನು ಮುಂದಿನವರು ತೋಡಿಯಾಗಿಯೇ ಓದಬಲ್ಲರು.