ಗೇರುಸೊಪ್ಪೆಯಲ್ಲಿ ನಿಲ್ಲದ ಗಾಡಿ

ಕರಾವಳಿ ಟೂರಿನ ಪಟ್ಟಿಯಲ್ಲಿ ಪಟ್ಟಣ, ಕಾಡು, ಊಟ ಮೂರೂ ಬೇರೆ ಬೇರೆ. ನಾವು ಹೋಗಿದ್ದ ಗಾಡಿಯೂ ಹೊನ್ನಾವರದಲ್ಲಿ ಮೀನೂಟ ಮುಗಿಸಿ ಜೋಗದ ದಾರಿ ಹಿಡಿಯಿತು. ಗೇರುಸೊಪ್ಪೆ ಬಂದಾಗ ಗೈಡ್ ಕಿಟಕಿಯಿಂದಲೇ ಕೈ ತೋರಿಸಿ, ‘ಆ ಕಡೆ ಹಳೇ ಬಸದಿ ಉಂಟು’ ಎಂದರು. ಗಾಡಿ ನಿಲ್ಲಲಿಲ್ಲ. ಮರುವಾರ ನಾವೇ ಹೋದೆವು.

ಶರಾವತಿ ಕಣಿವೆಯ ಕಾಡಿನ ನಡುವಿನ ಆ ಊರು ನಗರಬಸ್ತಿಕೇರಿ. ಈಗ ಹೆಸರಲ್ಲಿ ಮಾತ್ರ ನಗರ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದವಳು ಚೆನ್ನಭೈರಾದೇವಿ. ಈ ಸೀಮೆಯ ಕಾಳುಮೆಣಸಿಗಾಗಿ ಬಂದ ಪೋರ್ಚುಗೀಸರು ಅವಳನ್ನು ಕರೆದದ್ದೇ ‘ಮೆಣಸಿನ ರಾಣಿ’ ಎಂದು. ಆಮೇಲೆ ರಾಜ್ಯ ಕೆಳದಿ ನಾಯಕರ ಪಾಲಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಬಂದಾಗಲೇ ಪಟ್ಟಣ ಹಾಳುಬಿದ್ದು ಮರಗಿಡ ಬೆಳೆದಿತ್ತು. ನಾವು ‘ಕಾಡು’ ಎಂದು ಫೋಟೊ ತೆಗೆದದ್ದು ಒಂದು ಪೇಟೆಯ ಮೇಲೆ ಬೆಳೆದ ಕಾಡನ್ನು!

ಇನ್ನು ಊಟದ ಮಾತು. ಅಂದು ಉಂಡ ಮೀನಿನ ಸಾರಿನ ಖಾರ ಒಣಮೆಣಸಿನದು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಇಲ್ಲಿಗೆ ತಂದವರು ಅದೇ ಪೋರ್ಚುಗೀಸರು. ಅದಕ್ಕೂ ಮೊದಲು ನಮ್ಮ ಅಡುಗೆಯಲ್ಲಿ ಖಾರವೆಂದರೆ ಕಾಳುಮೆಣಸೇ. ಹೊಸದಕ್ಕೆ ಹಳೆಯದರ ಹೆಸರನ್ನೇ ಇಟ್ಟುಕೊಂಡೆವು.

ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ನಾವು ಹೋದ ದಿನ ಬೇರೆ ಯಾರೂ ಇರಲಿಲ್ಲ. ಮುಂದಿನ ಟ್ರಿಪ್‌ನಲ್ಲಿ ಅರ್ಧ ಗಂಟೆ ಇಲ್ಲಿ ನಿಲ್ಲಿಸಿ ಎಂದು ಗೈಡ್‌ಗೆ ಫೋನ್ ಮಾಡಿದೆವು.

‘ಜೋಗಕ್ಕೆ ತಡ ಆಗ್ತದೆ ಮಾರಾಯ್ರೆ’ ಅಂದರು.