ವಿಳಾಸವಿಲ್ಲದ ಅಭಿಮಾನ

1972ರ ಆಗಸ್ಟ್ 15ರಂದು ನಮ್ಮ ಅಂಚೆಗೆ ಆರಂಕಿಯ ಪಿನ್‌ಕೋಡ್ ಬಂತು. ಅದನ್ನು ರೂಪಿಸಿದವರು ಸಂಸ್ಕೃತ ವಿದ್ವಾಂಸರೂ ಆಗಿದ್ದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ. ಅದಾಗಿ ಒಂದೂವರೆ ತಿಂಗಳಿಗೆ, ಅಕ್ಟೋಬರ್ 2ರಂದು, ಮುಂಬಯಿಯಲ್ಲಿ ದೂರದರ್ಶನದ ಪ್ರಸಾರ ಶುರುವಾಯಿತು. ಪಿನ್‌ಕೋಡಿನ ಲೆಕ್ಕದಲ್ಲಿ ಈ ನಗರದ ಕುರ್ಲಾಕ್ಕೆ 400070 ಎಂಬ ಸಂಖ್ಯೆ ಬಂತು, ಹಳಿ ದಾಟಿ ಪೂರ್ವಕ್ಕೆ ಹೋದರೆ ನೆಹರೂ ನಗರಕ್ಕೆ 400024. ಮುಂದಿನ ಸುಮಾರು ಮೂವತ್ತು ವರ್ಷ ಈ ನಗರದಲ್ಲಿ ಟಿವಿಯೂ ಟಪಾಲೂ ಒಂದಕ್ಕೊಂದು ಆತುಕೊಂಡೇ ನಡೆದವು. ಕಂತು ಮುಗಿದ ಕೂಡಲೇ ಪರದೆಯ ಮೇಲೆ ಒಂದು ಪೋಸ್ಟ್ ಬಾಕ್ಸ್ ನಂಬರು ಮೂಡುತ್ತಿತ್ತು, ನೋಡುಗರು ಅದನ್ನು ಗೀಚಿಕೊಂಡು ಕಾರ್ಡು ಹಾಕುತ್ತಿದ್ದರು. ಇಷ್ಟೆಲ್ಲ ಬರೆದ ನಾವು, ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಆದಂತೆ, ವಿಜ್ಞಾನ ಕಥೆಯ ಧಾರಾವಾಹಿಗಳ ಸುತ್ತ ಒಬ್ಬರಿಗೊಬ್ಬರು ಬರೆಯುವ ಅಭಿಮಾನಿ ಬಳಗವನ್ನು ಏಕೆ ಕಟ್ಟಲಿಲ್ಲ? ಅಭಿರುಚಿಯ ಕೊರತೆ, ಹಣದ ಕೊರತೆ, ವಿಜ್ಞಾನದ ಕೊರತೆ ಎಂದು ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಇವು ಯಾವುವೂ ಪುರಾವೆಯ ಎದುರು ನಿಲ್ಲುವುದಿಲ್ಲ. ನಮ್ಮಲ್ಲಿ ಇಲ್ಲದೆ ಹೋದದ್ದು ಸಣ್ಣ ಸಂಗತಿ. ಬರೆದವರ ವಿಳಾಸ ಬರೆದ ಇನ್ನೊಬ್ಬರಿಗೆ ಸಿಗಲಿಲ್ಲ.

ವಿದೇಶದ ಕಥೆಯನ್ನು ಟಿವಿಯಿಂದ ಶುರುಮಾಡಿದರೆ ಅರ್ಥವಾಗುವುದಿಲ್ಲ, ಅದಕ್ಕೂ ಹಿಂದಿನ ಒಂದು ಪತ್ರಿಕೆಯಿಂದ ಶುರುಮಾಡಬೇಕು. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ನ್ಯೂಯಾರ್ಕಿನಿಂದ 'ಅಮೇಜಿಂಗ್ ಸ್ಟೋರೀಸ್' ಎಂಬ ವಿಜ್ಞಾನ ಕಥೆಗಳ ಮಾಸಿಕ ತಂದ. ಓದುಗರ ಓಲೆಗಳನ್ನು ಅಚ್ಚು ಹಾಕುವಾಗ ಅವರ ಪೂರ್ತಿ ವಿಳಾಸವನ್ನೂ ಕೊಟ್ಟ. ಸಂಪಾದಕನಿಗೆ ಬರೆದಿದ್ದ ಹುಡುಗರು ಆ ವಿಳಾಸ ನೋಡಿ ಪರಸ್ಪರ ಬರೆಯತೊಡಗಿದರು, ಬರೆಯುತ್ತ ಕ್ಲಬ್ಬು ಕಟ್ಟಿದರು, ಕೈಯಾರೆ ಅಚ್ಚು ಮಾಡಿದ ಪುಟ್ಟ ಪತ್ರಿಕೆಗಳನ್ನು ಅಂಚೆಯಲ್ಲಿ ಹಂಚಿಕೊಂಡರು. ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಈ ಓದುಗರ ಲೋಕದಲ್ಲೇ ಬೆಳೆದವರು. ಅವರು ಸೃಷ್ಟಿಸಿದ 'ಸೂಪರ್‌ಮ್ಯಾನ್'ನ ಹೆಸರು ಮೊದಲು ಕಾಣಿಸಿಕೊಂಡದ್ದು 1933ರಲ್ಲಿ, ತಾವೇ ತೆಗೆಯುತ್ತಿದ್ದ ಅಂಥದೊಂದು ಪತ್ರಿಕೆಯಲ್ಲಿ. 1966ರಲ್ಲಿ 'ಸ್ಟಾರ್ ಟ್ರೆಕ್' ಟಿವಿಗೆ ಬಂದಾಗ ಈ ಜಾಲಕ್ಕೆ ಆಗಲೇ ನಾಲ್ಕು ದಶಕದ ವಯಸ್ಸು. ಎರಡನೆಯ ವರ್ಷ ಧಾರಾವಾಹಿ ನಿಲ್ಲುತ್ತದೆಂಬ ಸುದ್ದಿ ಹಬ್ಬಿದಾಗ ಬೀಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಮಾಡಿದ ಮೊದಲ ಕೆಲಸ, ವಿಜ್ಞಾನ ಕಥೆಗಳ ಓದುಗರ ವಿಳಾಸಪಟ್ಟಿಗಳನ್ನು ಕಲೆಹಾಕಿದ್ದು. ಪ್ರತಿಯೊಬ್ಬರೂ ಕಾಗದ ಬರೆಯಬೇಕು, ಇನ್ನೂ ಹತ್ತು ಜನರಿಂದ ಬರೆಸಬೇಕು ಎಂಬುದು ಅವರ ಕೋರಿಕೆ. ಎನ್‌ಬಿಸಿ ವಾಹಿನಿಗೆ ಲಕ್ಷಕ್ಕೂ ಮಿಕ್ಕಿ ಪತ್ರ ಬಂದವು. 1968ರ ಮಾರ್ಚ್ 1ರಂದು, ಧಾರಾವಾಹಿ ಮುಂದುವರಿಯುತ್ತದೆ ಎಂದು ವಾಹಿನಿ ಪರದೆಯಲ್ಲೇ ಘೋಷಿಸಬೇಕಾಯಿತು. ಮರುವರ್ಷ ಅದು ನಿಂತೇ ಹೋಯಿತು, ಆದರೆ ಬಳಗ ನಿಲ್ಲಲಿಲ್ಲ. 1972ರ ಜನವರಿಯಲ್ಲಿ, ನಮ್ಮ ಪಿನ್‌ಕೋಡು ಬರುವ ಏಳು ತಿಂಗಳ ಮೊದಲು, ಅವರು ನ್ಯೂಯಾರ್ಕಿನಲ್ಲಿ ದೊಡ್ಡ ಸಮ್ಮೇಳನವನ್ನೇ ನಡೆಸಿದರು. ಇಂಗ್ಲೆಂಡಿನಲ್ಲಿ 1963ರಿಂದ ನಡೆಯುತ್ತ ಬಂದ 'ಡಾಕ್ಟರ್ ಹೂ' ಧಾರಾವಾಹಿಗೆ 1976ರಲ್ಲಿ ಹುಟ್ಟಿದ ಅಭಿಮಾನಿ ಸಂಘವೂ ಬೆಳೆದದ್ದು ಅಂಚೆಯ ಬಲದಿಂದಲೇ.

ಇನ್ನು ನಮ್ಮ ಕಡೆಯ ಲೆಕ್ಕ. ಬರೆಯುವುದರಲ್ಲಿ ನಾವು ಯಾರಿಗೂ ಕಡಿಮೆ ಇರಲಿಲ್ಲ. 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾದಾಗ ಮೊದಲ ವಾರವೇ 9,000 ಓಲೆಗಳು ಬಂದವು, ಕೆಲವೇ ಕಾಲದಲ್ಲಿ ಅದು ವಾರಕ್ಕೆ 65,000ಕ್ಕೆ ಏರಿತು. 1984ರ ಜುಲೈಯಿಂದ 1985ರ ಡಿಸೆಂಬರಿನವರೆಗೆ 156 ಕಂತುಗಳಲ್ಲಿ ನಡೆದ 'ಹಮ್ ಲೋಗ್' ಧಾರಾವಾಹಿಗೆ ಸುಮಾರು 4 ಲಕ್ಷ ಕಾಗದಗಳು ಬಂದವೆಂದು, ಅದನ್ನು ಆಳವಾಗಿ ಅಧ್ಯಯನ ಮಾಡಿದ ಅರವಿಂದ ಸಿಂಘಲ್ ಮತ್ತು ಎವರೆಟ್ ರೋಜರ್ಸ್ ದಾಖಲಿಸಿದ್ದಾರೆ. ಪ್ರತಿ ಕಂತಿನ ಕೊನೆಗೆ ಎರಡು ಮಾತಾಡುತ್ತಿದ್ದ ನಟ ಅಶೋಕ್ ಕುಮಾರ್ ಇದ್ದದ್ದು ಕುರ್ಲಾಕ್ಕೆ ತಗುಲಿಕೊಂಡಿರುವ ಚೆಂಬೂರಿನಲ್ಲಿ. ತಾವು ಒಲಿದವರನ್ನು ಮದುವೆಯಾಗಲು ಅಪ್ಪ ಅಮ್ಮನನ್ನು ಒಪ್ಪಿಸಿಕೊಡಿ ಎಂದು ಹುಡುಗ ಹುಡುಗಿಯರು ಅವರಿಗೆ ಬರೆಯುತ್ತಿದ್ದರು. ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ನಡೆಸಿಕೊಟ್ಟ 'ಸುರಭಿ' ಕಾರ್ಯಕ್ರಮದ ಪ್ರಶ್ನೆ ಸ್ಪರ್ಧೆಗೆ 90ರ ದಶಕದಲ್ಲಿ ಒಂದೇ ವಾರ 14 ಲಕ್ಷ ಕಾಗದ ಬಂದದ್ದು ಲಿಮ್ಕಾ ದಾಖಲೆಗಳ ಪುಸ್ತಕ ಸೇರಿತು. ಬಹುತೇಕ ಎಲ್ಲವೂ 15 ಪೈಸೆಯ ಕಾರ್ಡುಗಳು, ಸರ್ಕಾರ ನಷ್ಟದಲ್ಲಿ ಮಾರುತ್ತಿದ್ದ ಕಾರ್ಡುಗಳು. ಕಡೆಗೆ ಅಂಚೆ ಇಲಾಖೆ ಇಂಥ ಸ್ಪರ್ಧೆಗಳಿಗೆಂದೇ 2 ರೂಪಾಯಿಯ ಬೇರೆ ಕಾರ್ಡನ್ನು ಹೊರಡಿಸಿತು. ಒಂದು ಟಿವಿ ಕಾರ್ಯಕ್ರಮದ ನೋಡುಗರು ದೇಶದ ಅಂಚೆ ದರವನ್ನೇ ಬದಲಿಸಿದರು. ಅಮೆರಿಕದ ಯಾವ ಅಭಿಮಾನಿ ಬಳಗವೂ ಇಂಥದನ್ನು ಸಾಧಿಸಿಲ್ಲ. ಆದರೂ ಆ 14 ಲಕ್ಷ ಕಾಗದ ಬರೆದವರಲ್ಲಿ ಒಬ್ಬರಿಗೆ ಇನ್ನೊಬ್ಬರ ಪರಿಚಯವಾಗಲಿಲ್ಲ. ಚೀಟಿ ಎತ್ತಿ ಗೆದ್ದವರ ಹೆಸರು ಓದುತ್ತಿದ್ದರು, ಉಳಿದ ಕಾರ್ಡುಗಳ ಪಾಲಿಗೆ ಬಂದದ್ದು ಎಣಿಕೆ ಮಾತ್ರ.

ಇದೇ ವರ್ಷಗಳಲ್ಲಿ ವಿಜ್ಞಾನ ಕಥೆಗಳೂ ದೂರದರ್ಶನದಲ್ಲಿ ಬಂದು ಹೋದವು. 80ರ ದಶಕದಲ್ಲಿ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ಬರುತ್ತಿತ್ತು. ದಶಕದ ಕೊನೆಗೆ 'ಸ್ಪೇಸ್ ಸಿಟಿ ಸಿಗ್ಮಾ' ಬಂತು, ಕಾಲಯಾನದ ಕಥೆಯಿದ್ದ 'ಇಂದ್ರಧನುಷ್' ಬಂತು. 1998ರಲ್ಲಿ ಕೇತನ್ ಮೆಹ್ತಾ ಅವರ 'ಕ್ಯಾಪ್ಟನ್ ವ್ಯೋಮ್' 2123ನೆಯ ಇಸವಿಯ ಕಥೆ ಹೇಳಿತು. ದೂರದರ್ಶನ ಪ್ರಾಯೋಜಿತ ಧಾರಾವಾಹಿಗಳಿಗೆ ಹದಿಮೂರು ಹದಿಮೂರು ಕಂತುಗಳ ಲೆಕ್ಕದಲ್ಲಿ ಮಂಜೂರಾತಿ ಕೊಡುತ್ತಿತ್ತು. ಮುಂದುವರಿಕೆ ಸಿಗುವುದು ಬಿಡುವುದು ಪ್ರಾಯೋಜಕರ ಕೈಯಲ್ಲಿ, ದೂರದರ್ಶನದ ಕೇಂದ್ರ ಕಚೇರಿಯಾದ ಮಂಡಿ ಹೌಸಿನ ಅಧಿಕಾರಿಗಳ ಕೈಯಲ್ಲಿ. ಒಂದು ಧಾರಾವಾಹಿಯನ್ನು ಉಳಿಸಿಕೊಳ್ಳಲು ನೋಡುಗರು ಯಾರಿಗೆ ಬರೆಯಬೇಕು, ಬೇರೆ ಯಾರಿಂದ ಬರೆಸಬೇಕು ಎಂದು ತಿಳಿಯಲು ದಾರಿಯೇ ಇರಲಿಲ್ಲ. ದೀರ್ಘಕಾಲ ನಡೆದದ್ದು 'ಶಕ್ತಿಮಾನ್' ಒಂದೇ, 1997ರಿಂದ 2005ರವರೆಗೆ. ಅದು ಅಪ್ಪಟ ವಿಜ್ಞಾನ ಕಥೆಯಲ್ಲ. ಯೋಗಶಕ್ತಿಯ ನಾಯಕನ ಎದುರು ಪ್ರಯೋಗಶಾಲೆಯ ದುಷ್ಟ ವಿಜ್ಞಾನಿಯನ್ನು ನಿಲ್ಲಿಸಿದ ಮಿಶ್ರಣ ಅದು. ಆದರೂ ದೇಶದ ಮಕ್ಕಳು ಅದನ್ನು ಪ್ರೀತಿಸಿದಷ್ಟು ಇನ್ನಾವುದನ್ನೂ ಪ್ರೀತಿಸಲಿಲ್ಲ. ಓಲೆ ಬರೆದು ಬರೆದು ಪರಿಚಯವಾದ ಹುಡುಗರ ಲೋಕದಿಂದ ಸೂಪರ್‌ಮ್ಯಾನ್ ಹುಟ್ಟಿದ. ಅವನ ವಂಶದವನೇ ಆದ ಶಕ್ತಿಮಾನ್, ಓಲೆ ಬರೆದರೂ ಪರಸ್ಪರ ಪರಿಚಯವಾಗದ ಮಕ್ಕಳನ್ನು ಬಿಟ್ಟು ಹೋದ. ಈ ನಷ್ಟ ಚಿಕ್ಕದಲ್ಲ. ಆ ಮಕ್ಕಳ ಕೈಗೆ ಪರಸ್ಪರರ ಓಲೆಗಳು ತಲುಪಿದ್ದರೆ, ಅವರಲ್ಲಿ ಹಲವರು ಇಂದು ನಮ್ಮ ಭಾಷೆಗಳ ವಿಜ್ಞಾನ ಕಥೆಗಾರರಾಗಿರುತ್ತಿದ್ದರು ಎಂದು ನಾನು ನಂಬುತ್ತೇನೆ.

ಇದಕ್ಕೆ ಆಕ್ಷೇಪಗಳಿವೆ. ಅಮೆರಿಕದ ಅಭಿಮಾನಿಗಳು ಅನುಕೂಲಸ್ಥರು, ಓದಿದವರು, ನಮ್ಮ ಜನಕ್ಕೆ ಹೊಟ್ಟೆಪಾಡೇ ದೊಡ್ಡದು ಎಂಬುದು ಮೊದಲನೆಯದು. ಇದಕ್ಕೆ ಝುಮ್ರಿ ತಲೈಯಾ ಉತ್ತರ ಕೊಡುತ್ತದೆ. ಇಂದಿನ ಝಾರ್ಖಂಡದಲ್ಲಿರುವ ಈ ಅಭ್ರಕದ ಗಣಿಯೂರಿನ ಜನ ಚಿತ್ರಗೀತೆ ಕೋರಿ ವಿವಿಧ ಭಾರತಿಗೂ ರೇಡಿಯೋ ಸಿಲೋನಿಗೂ ಕಾರ್ಡಿನ ಮೇಲೆ ಕಾರ್ಡು ಹಾಕಿದರು, ಅಲ್ಲಿ ಶ್ರೋತೃಗಳ ಕ್ಲಬ್ಬುಗಳೂ ಹುಟ್ಟಿದವು. ಅವರು ಶ್ರೀಮಂತರೇನೂ ಆಗಿರಲಿಲ್ಲ. ಆದರೆ ರೇಡಿಯೋ ಅವರ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಓದುತ್ತಿತ್ತು. ನಿಮ್ಮೂರಿನಲ್ಲಿ ನಿಮ್ಮಂಥವರು ಇನ್ನೂ ನಾಲ್ವರಿದ್ದಾರೆ ಎಂದು ಗಾಳಿಯಲ್ಲಿ ಕೇಳಿಸಿದ ಮೇಲೆ ಅವರನ್ನು ಹುಡುಕಿಕೊಂಡು ಹೋಗುವುದು ಕಷ್ಟವೇ? ಟಿವಿ ಹೆಸರುಗಳನ್ನು ಓದಿದ್ದು ಕಡಿಮೆ. ಎರಡನೆಯ ಆಕ್ಷೇಪ, ನೋಡುಗರ ಓಲೆಗಳಿಗೆ ಇಲ್ಲಿಯೂ ಬೆಲೆ ಇತ್ತು ಎಂಬುದು. 'ಹಮ್ ಲೋಗ್'ನ ಬಡ್ಕಿ ಎಂಬ ಪಾತ್ರಕ್ಕೆ ಮದುವೆಯಾಗು ಎಂದು ಜನ ಬರೆದರು, ಮದುವೆಯ ಕಂತಿಗೆ ಶುಭಾಶಯದ ತಂತಿಗಳನ್ನೂ ಕಳಿಸಿದರು. ಇದು ನಿಜ, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದು ಕಟ್ಟುವುದು ನೋಡುಗ ಮತ್ತು ಕಥೆಗಾರನ ನಡುವಿನ ಬಂಧವನ್ನು. ಧಾರಾವಾಹಿ ಮುಗಿದರೆ ಆ ಬಂಧವೂ ಮುಗಿಯುತ್ತದೆ. 'ಸ್ಟಾರ್ ಟ್ರೆಕ್' ನಿಂತ ಮೇಲೂ ಬಳಗ ಉಳಿದದ್ದು ಬಂಧ ನೋಡುಗರ ನಡುವೆ ಇದ್ದುದರಿಂದ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಅದರ ಉತ್ತರ ಕುರ್ಲಾದ ಪಕ್ಕದಲ್ಲೇ ಇದೆ. ವಿಜ್ಞಾನ ಕಥೆ ನಮ್ಮ ಮಣ್ಣಿನದಲ್ಲ, ಪುರಾಣವಿರುವಲ್ಲಿ ಅದಕ್ಕೆ ಬೇರಿಲ್ಲ ಎನ್ನುತ್ತಾರೆ. ಹಾರ್ಬರ್ ಲೈನಿನಲ್ಲಿ ಕುರ್ಲಾದಿಂದ ಸಿಎಸ್‌ಎಂಟಿ ಕಡೆಗೆ ಹೊರಟರೆ ಮೊದಲು ಸಿಗುವುದು ಚೂನಾಭಟ್ಟಿ. 1966ರಲ್ಲಿ ಸ್ಥಾಪನೆಯಾದ ಮರಾಠಿ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನ ಇಂದು ಇರುವುದು ಅಲ್ಲಿ. ಈ ಪರಿಷತ್ತು 70ರ ದಶಕದಲ್ಲಿ ವಿಜ್ಞಾನ ಕಥೆಗಳ ಸ್ಪರ್ಧೆ ನಡೆಸುತ್ತಿತ್ತು, ಕಥೆಗಳು ಅಂಚೆಯಲ್ಲಿ ಬರುತ್ತಿದ್ದವು. 1974ರ ಸ್ಪರ್ಧೆಗೆ ನಾರಾಯಣ ವಿನಾಯಕ ಜಗತಾಪ್ ಎಂಬವರಿಂದ ಕಪ್ಪುಕುಳಿಯ ಬಗ್ಗೆ ಒಂದು ಕಥೆ ಬಂತು, ಮೊದಲ ಬಹುಮಾನವೂ ಬಂತು. ಬರೆದವರು ಆಗ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಖಭೌತ ವಿಜ್ಞಾನಿ ಜಯಂತ ವಿಷ್ಣು ನಾರಳೀಕರ್. ತಮ್ಮ ಕೀರ್ತಿ ತೀರ್ಪಿನ ಮೇಲೆ ನೆರಳು ಚೆಲ್ಲಬಾರದೆಂದು ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ಹೊಸ ಹೆಸರು ಕಟ್ಟಿಕೊಂಡಿದ್ದರು, ಕೈಬರಹ ಗುರುತು ಸಿಗಬಾರದೆಂದು ಪತ್ನಿ ಮಂಗಲಾ ಅವರಿಂದ ಕಥೆಯನ್ನು ನಕಲು ಮಾಡಿಸಿದ್ದರು. ಪ್ರಸಿದ್ಧ ವಿಜ್ಞಾನಿಯೊಬ್ಬರು ಹೊಸಬರ ಸಾಲಿನಲ್ಲಿ ಲಕೋಟೆ ಅಂಟಿಸಿ ನಿಂತದ್ದು ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಲಿ ಓಲೆಗೆ ಮೇಲು ಕೀಳು ಇರಲಿಲ್ಲ, ಬಂದದ್ದನ್ನು ಯಾರೋ ಓದುತ್ತಿದ್ದರು, ತೂಗುತ್ತಿದ್ದರು, ಅಚ್ಚಿಗೆ ಕೊಡುತ್ತಿದ್ದರು. ಗೆದ್ದವರು ಮತ್ತೆ ಬರೆದರು, ಓದಿದವರು ಬರೆಯಲು ಕಲಿತರು, ದೀಪಾವಳಿ ಸಂಚಿಕೆಗಳು ಅವರಿಗೆ ಜಾಗ ಕೊಟ್ಟವು. ನಾರಳೀಕರ್ ಅವರ 'ಯಕ್ಷಾಂಚೀ ದೇಣಗೀ' ಸಂಕಲನ 1979ರಲ್ಲಿ ಬಂತು. ಮರಾಠಿಯಲ್ಲಿ ವಿಜ್ಞಾನ ಕಥೆಗೆ ಒಂದು ಪರಂಪರೆ ನಿಂತಿತು. ಅದೇ ನಗರ, ಅದೇ ಅಂಚೆ, ಅದೇ ಪುರಾಣಪ್ರಿಯ ಜನ. ಓಲೆ ಬರೆದವರನ್ನು ಒಬ್ಬರಿಗೊಬ್ಬರು ಕಾಣುವಂತೆ ಮಾಡುವ ಸಂಸ್ಥೆಯೊಂದು ಇತ್ತು, ವ್ಯತ್ಯಾಸವೆಂದರೆ ಅಷ್ಟೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕೊನೆಯದು. ಕುರ್ಲಾದಂಥ ಕಡೆ ಕಾಗದ ಬರೆಯುವ ಅಗತ್ಯವಾದರೂ ಏನಿತ್ತು? 1925ರ ಫೆಬ್ರುವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಇಂದಿನ ಸಿಎಸ್‌ಎಂಟಿಯಾದ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಬಂದು ನಿಂತದ್ದು ಈ ಊರಿಗೆ. ಸ್ವದೇಶಿ ಮಿಲ್ಲು, ಪ್ರೀಮಿಯರ್ ಆಟೋಮೊಬೈಲ್ಸ್‌ನ ಕಾರ್ಖಾನೆ ಇದ್ದ ದುಡಿಮೆಗಾರರ ಊರಿದು. ಚಾಳಿನಲ್ಲಿ ಒಬ್ಬರ ಮನೆಯ ಟಿವಿಗೆ ಹತ್ತು ಮನೆಯವರು ಸೇರುತ್ತಿದ್ದರು. ಅಮೆರಿಕದ ಊರುಗಳಲ್ಲಿ ಒಂಟಿಯಾಗಿದ್ದವನು ತನ್ನಂಥವನನ್ನು ಅಂಚೆಯಲ್ಲಿ ಹುಡುಕಬೇಕಿತ್ತು, ನಮ್ಮವನಿಗೆ ಪಕ್ಕದ ಬಾಗಿಲೇ ಸಾಕಿತ್ತು. ಈ ವಾದದಲ್ಲಿ ಹುರುಳಿದೆ, ಆ ಸಾಮೂಹಿಕ ನೋಟದ ಸುಖವನ್ನು ಯಾವ ಓಲೆಯೂ ಕೊಡಲಾರದು. ಆದರೆ ಎದುರಾಬದುರು ಆಡಿದ ಮಾತಿನ ವ್ಯಾಪ್ತಿ ಚಾಳಿನ ಅಂಗಳದಷ್ಟೇ. ಕುರ್ಲಾದ ಹುಡುಗಿಗೆ ಕುಂದಾಪುರದ ಹುಡುಗಿ ಅದೇ ಕಂತು ನೋಡಿ ಏನು ಯೋಚಿಸಿದಳೆಂದು ಅದರಿಂದ ತಿಳಿಯುವುದಿಲ್ಲ. ಹದಿಮೂರು ಕಂತಿಗೆ ನಿಂತ ಧಾರಾವಾಹಿಯ ಪರವಾಗಿ ಮಂಡಿ ಹೌಸಿನ ಮುಂದೆ ಅದು ಸಾಕ್ಷಿ ಹೇಳುವುದೂ ಇಲ್ಲ. ಅಲ್ಲದೆ ಅದು ಉಳಿಯುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಭಿಮಾನಿಗಳ ಪುಟ್ಟ ಪತ್ರಿಕೆಗಳ ದೊಡ್ಡ ಸಂಗ್ರಹವೇ ಇದೆ. ನಮ್ಮ ನೋಡುಗರು ಏನು ಕಂಡರು, ಏನನ್ನು ಕನಸಿದರು ಎಂಬ ಚರಿತ್ರೆ ಬರೆಯಲು ಹೊರಟವರಿಗೆ ಬಹುಪಾಲು ಸಿಗುವುದು ಎಣಿಕೆಯ ಅಂಕಿಗಳು.

ಮುಂಬಯಿ ಕನ್ನಡಿಗರ ಮಟ್ಟಿಗೆ ಇದು ಹೆಚ್ಚು ಬೇಸರದ ಸಂಗತಿ, ಏಕೆಂದರೆ ಸಂಘ ಕಟ್ಟುವುದು, ಪತ್ರಿಕೆ ನಡೆಸುವುದು ನಮಗೆ ಹೊಸದಲ್ಲ. ಕುರ್ಲಾ ಪೂರ್ವದಲ್ಲಿ ಬಂಟರ ಭವನವಿದೆ, ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ. 'ಮೊಗವೀರ', 'ನೇಸರು', 'ಬಂಟರವಾಣಿ' ಪತ್ರಿಕೆಗಳು ಸದಸ್ಯರ ಹೆಸರು, ಊರು, ಸುದ್ದಿ, ಸಾಹಿತ್ಯವನ್ನು ಅಚ್ಚು ಹಾಕಿ ಮನೆಮನೆಗೆ ತಲುಪಿಸಿವೆ. ಗರ್ನ್ಸ್‌ಬ್ಯಾಕ್ ಓದುಗರಿಗೆ ಮಾಡಿಕೊಟ್ಟ ಸಂಪರ್ಕವನ್ನು ನಮ್ಮ ಹಿರಿಯರು ಊರು ಬಿಟ್ಟು ಬಂದವರಿಗೆ ಮಾಡಿಕೊಟ್ಟಿದ್ದರು. ಟಿವಿಯಲ್ಲೂ ಮಾದರಿ ಇಲ್ಲದಿರಲಿಲ್ಲ: 1991ರಲ್ಲಿ ದೂರದರ್ಶನದಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮ 'ಟರ್ನಿಂಗ್ ಪಾಯಿಂಟ್' ಅನ್ನು ನಡೆಸಿಕೊಟ್ಟದ್ದು ಗಿರೀಶ ಕಾರ್ನಾಡರು, ನೋಡುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದವರು ಪ್ರೊಫೆಸರ್ ಯಶ್ ಪಾಲ್. ಎಣಿಸಿ ಬದಿಗಿಡದೆ, ಕಾಗದವನ್ನು ಓದಿ ಉತ್ತರ ಕೊಟ್ಟ ಆ ಕಾರ್ಯಕ್ರಮವನ್ನು ನೋಡಿದವರು ಇಂದಿಗೂ ನೆನೆಯುತ್ತಾರೆ. ಅಂಥ ಕಾರ್ಯಕ್ರಮಗಳಿಗೆ ಬರೆದ ಓಲೆಯ ನಕಲು, ಬಂದ ಉತ್ತರ, ಪತ್ರಮಿತ್ರರ ಕಾಗದ, ಧಾರಾವಾಹಿಯ ಬಗ್ಗೆ ಬರೆದಿಟ್ಟ ಟಿಪ್ಪಣಿಯ ವಹಿ ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಇದ್ದರೆ ರದ್ದಿಗೆ ಹಾಕಬೇಡಿ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕುರ್ಲಾಕ್ಕೆ ಹತ್ತಿರದ ಕಲಿನಾದಲ್ಲಿದೆ, ಮುಂಬಯಿ ಕನ್ನಡಿಗರ ಬದುಕು ಬರಹಗಳ ಬಗ್ಗೆ ಅಲ್ಲಿ ಸಂಶೋಧನೆ ನಡೆಯುತ್ತ ಬಂದಿದೆ. ಅಲ್ಲಿಗೋ ನಿಮ್ಮ ಸಂಘದ ಗ್ರಂಥಾಲಯಕ್ಕೋ ತಿಳಿಸಿ, ಬರೆದವರ ಹೆಸರು ಮತ್ತು ಇಸವಿಯನ್ನು ಗುರುತು ಹಾಕಿ ಕೊಡಿ.