ಇಟಗಿಯ ಕಂಬ, ಯಲಬುರ್ಗಾದ ಅರ್ಕಾವತ್ತು

ಕುಕನೂರಿನ ಹತ್ತಿರ, ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಮಹಾದೇವ ದೇವಾಲಯ ಇದೆ. 1112ರಲ್ಲಿ ಅದನ್ನು ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಅನ್ನುತ್ತದೆ. ಹೋದವರೆಲ್ಲ ಶಿಖರ ನೋಡ್ತಾರೆ, ನಾನು ಕಂಬ ನೋಡ್ತೀನಿ. ಬಳಪದ ಕಲ್ಲನ್ನು ತಿರುಗಿಸಿ, ಉಳಿ ಕೊಟ್ಟು ಕಡೆದ ಕಂಬಗಳು ಅವು. ಅಂದರೆ ಯಂತ್ರದ ಸಹಾಯದಿಂದ ಆಕಾರ ತೆಗೆಯೋದು ನಮ್ಮ ಕೊಪ್ಪಳ ಸೀಮೆಗೆ ಹೊಸದೇನಲ್ಲ.

ಹಾಗಾದ್ರೆ ಆ ಕಂಬದ ಡಿಸೈನ್ ಎಲ್ಲಿತ್ತು? ಶಿಲ್ಪಿಯ ಕೈಯಲ್ಲಿತ್ತು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಇವತ್ತಿಗೂ ಹಾಗೇ ಇದೆ. ಹಗುರ ಮರ, ಹುಣಸೆ ಬೀಜದ ಅಂಟು, ಮೇಲೆ ಗಾಢ ಬಣ್ಣ. ಗೊಂಬೆಯ ಅಳತೆ ಚಿತ್ರಗಾರರ ಮನೆಯಲ್ಲಿ ತಂದೆಯಿಂದ ಮಗನಿಗೆ ದಾಟುತ್ತದೆ. ಕಲಿಯುವ ಕೈ ಇಲ್ಲದಿದ್ದರೆ ಅಳತೆಯೂ ಇಲ್ಲ.

ಕೈಯಲ್ಲಿದ್ದ ಅಳತೆಯನ್ನು ಅಂಕಿ ಮಾಡಿದ್ದು ದೂರದ ಅಮೆರಿಕದಲ್ಲಿ, ಬೇರೆಯದೇ ಕಾರಣಕ್ಕೆ. 1940ರ ದಶಕದ ಕೊನೆಗೆ ಮಿಶಿಗನ್‌ನ ಜಾನ್ ಪಾರ್ಸನ್ಸ್‌ಗೆ ಹೆಲಿಕಾಪ್ಟರ್ ರೆಕ್ಕೆಯ ಬಾಗು ಕರಾರುವಾಕ್ಕಾಗಿ ಬೇಕಿತ್ತು. ಫ್ರಾಂಕ್ ಸ್ಟುಲೆನ್ ಜತೆ ಸೇರಿ ಆ ಬಾಗನ್ನು ಪಂಚ್ ಕಾರ್ಡ್ ಯಂತ್ರದಲ್ಲಿ ಬಿಂದು ಬಿಂದುವಾಗಿ ಲೆಕ್ಕ ಹಾಕಿಸಿದರು. 1952ರಲ್ಲಿ ಎಂಐಟಿ, ತೂತು ಹೊಡೆದ ಟೇಪ್ ಓದಿ ತಾನೇ ಲೋಹ ಕೆತ್ತುವ ಯಂತ್ರವನ್ನು ತೋರಿಸಿತು. ಅದರ ಮರಿಮಗನೇ ಇವತ್ತು ಮೇಜಿನ ಮೇಲೆ ಕೂರುವ ಸಿಎನ್‌ಸಿ.

ಈ ಯಂತ್ರಕ್ಕೆ ಚಿತ್ರ ಗೊತ್ತಿಲ್ಲ, ಜಿ-ಕೋಡ್ ಮಾತ್ರ ಗೊತ್ತು. ಜಿ0 ಅಂದರೆ ಸುಮ್ಮನೆ ಸರಿ, ಜಿ1 ಅಂದರೆ ನೇರ ಕತ್ತರಿಸು, ಜಿ2, ಜಿ3 ಅಂದರೆ ಬಾಗಿ ಹೋಗು. ಹಾಗಾಗಿ ಚಿತ್ರದಿಂದ ಜಿ-ಕೋಡ್‌ವರೆಗೆ ಫೈಲನ್ನು ಪರಿವರ್ತಿಸಲೇಬೇಕು. ತಲೆನೋವೆಲ್ಲ ಶುರುವಾಗೋದು ಅಲ್ಲೇ.

1982ರಲ್ಲಿ ಆಟೋಕ್ಯಾಡ್ ಬಂತು, ಜತೆಗೇ ಡಿಎಕ್ಸ್‌ಎಫ್ ಬಂತು. ಡಿಎಕ್ಸ್‌ಎಫ್‌ನ ರಚನೆಯನ್ನು ಕಂಪನಿಯೇ ಪ್ರಕಟಿಸಿತು. ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದು. ಆದರೆ ಹಳೆಯ ಡಿಎಕ್ಸ್‌ಎಫ್‌ನಲ್ಲಿ ‘100’ ಅಂತಷ್ಟೇ ಇರುತ್ತೆ, ಮಿಲಿಮೀಟರೋ ಇಂಚೋ ಹೇಳಲ್ಲ. 2001ರಲ್ಲಿ ಎಸ್‌ವಿಜಿ ಎಲ್ಲರಿಗೂ ಮುಕ್ತವಾದ ಮಾನದಂಡವಾಯ್ತು. ಅದಕ್ಕೂ ಒಂದು ಕಥೆ ಇದೆ. ಇಂಕ್‌ಸ್ಕೇಪ್ 2017ರಲ್ಲಿ ಇಂಚಿಗೆ 90 ಪಿಕ್ಸೆಲ್ ಇದ್ದದ್ದನ್ನು 96 ಮಾಡಿತು. ಹಳೆಯ ಲೆಕ್ಕದಲ್ಲಿ 100 ಮಿಲಿಮೀಟರ್ ಇದ್ದ ಹಲಗೆ ಹೊಸ ಲೆಕ್ಕದಲ್ಲಿ 93.75 ಆಗುತ್ತದೆ. ಕೂರಬೇಕಾದ ಜೋಡಣೆ ಕೂರಲ್ಲ.

ಮುಚ್ಚಿದ ಫಾರ್ಮ್ಯಾಟಿನ ಪಾಡು ಇನ್ನೊಂದು. ಬಾಗಿಲು, ದೇವರ ಮಂಟಪ ಕೆತ್ತುವವರು ನೆಚ್ಚಿಕೊಂಡಿದ್ದ ಆರ್ಟ್‌ಕ್ಯಾಮ್ ಅನ್ನು ಆಟೋಡೆಸ್ಕ್ 2018ರಲ್ಲಿ ನಿಲ್ಲಿಸಿತು. ಆಮೇಲೆ ಕಾರ್ವೆಕೋ ಅನ್ನೋ ಹೆಸರಲ್ಲಿ ಅದು ಮುಂದುವರಿಯಿತು ಅನ್ನೋದು ಅದೃಷ್ಟ. 2020ರಲ್ಲಿ ಅದೇ ಆಟೋಡೆಸ್ಕ್, ಫ್ಯೂಷನ್ 360ರ ಉಚಿತ ಬಳಕೆದಾರರಿಗೆ ತಿದ್ದಲು ಬರುವ ಫೈಲುಗಳನ್ನು ಹತ್ತಕ್ಕೆ ಇಳಿಸಿತು. ಸಾಫ್ಟ್‌ವೇರ್ ಅವರದ್ದು, ನಿಯಮವೂ ಅವರದ್ದೇ. ಆದರೆ ಚಿತ್ರ ನಮ್ಮದಲ್ವಾ?

ನಮಗೆ ಇನ್ನೂ ಒಂದು ಪರೀಕ್ಷೆ ಇದೆ. ಯಾವುದೇ ಡಿಸೈನ್ ಸಾಫ್ಟ್‌ವೇರ್ ಆಯ್ಕೆ ಮಾಡೋ ಮುಂಚೆ ಅದರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ಟೈಪ್ ಮಾಡಿ ನೋಡಿ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ, ಆದರೆ ಒತ್ತಕ್ಷರ ಜೋಡಿಸೋದು ಸಾಫ್ಟ್‌ವೇರಿನ ಕೆಲಸ. ಅದಕ್ಕೆ ಬರದಿದ್ದರೆ ಕೊಪ್ಪಳ ‘ಕೊಪ್‌ಪಳ’ ಆಗುತ್ತೆ, ಕುಷ್ಟಗಿಯ ಟ ಒತ್ತು ಮೇಲೆ ಬಂದು ಕೂರುತ್ತೆ, ಯಲಬುರ್ಗಾದ ಅರ್ಕಾವತ್ತು ಮಾಯ. ಗಂಗಾವತಿ ಸರಿಯಾಗಿ ಮೂಡಿದರೂ, ಅಕ್ಷರವನ್ನು ಹಲಗೆಯಲ್ಲಿ ಆರಪಾರ ಕತ್ತರಿಸಿದರೆ ಸೊನ್ನೆಯ ನಡುವಿನ ಬಿಲ್ಲೆ ಕಳಚಿ ಬೀಳುತ್ತೆ. ಹಿಡಿದುಕೊಳ್ಳಲು ಸಣ್ಣ ಸೇತುವೆ ಬಿಡಬೇಕು. ಅಕ್ಷರಗಳನ್ನು ಪಾತ್ ಮಾಡಿ, ಅಕ್ಷರವೂ ಒತ್ತೂ ಒಂದರ ಮೇಲೊಂದು ಬಂದಲ್ಲಿ ಯೂನಿಯನ್ ಕೊಟ್ಟು ಒಂದೇ ಗೆರೆ ಮಾಡಬೇಕು. ಇಲ್ಲದಿದ್ದರೆ ಯಂತ್ರ ಅಕ್ಷರದ ಹೊಟ್ಟೆಯೊಳಗೂ ಗೆರೆ ಕೊಯ್ಯುತ್ತೆ.

ಚಪ್ಪಟೆ ಹಲಗೆ ಕೆಲಸಕ್ಕೆ ಇಂಕ್‌ಸ್ಕೇಪ್, ಅಳತೆಯ ಬಿಡಿಭಾಗಕ್ಕೆ ಫ್ರೀಕ್ಯಾಡ್ ನನ್ನ ಆಯ್ಕೆ. ದುಡ್ಡು ಕೊಟ್ಟು ಬೇರೆ ತಗೊಂಡರೂ ತಪ್ಪಿಲ್ಲ. ಹೊರಗೆ ಬರುವ ಬಾಗಿಲು ಇದೆಯಾ ಅಂತ ಮೊದಲು ನೋಡಿ. ಮೂಲ ಫೈಲ್ ಒಂದು, ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಪ್ರತಿ ಒಂದು, ಪಕ್ಕದಲ್ಲಿ ‘ಅಗಲ ಇಷ್ಟು ಮಿಲಿಮೀಟರ್’ ಅಂತ ಒಂದು ಸಾಲು ಇರಲಿ. ಬರೀ ಜಿ-ಕೋಡ್ ಇಟ್ಟುಕೊಂಡರೆ ಸಾಲದು. 3 ಮಿಲಿಮೀಟರ್ ಬಿಟ್‌ಗೆ ಬರೆದದ್ದನ್ನು 6ರ ಬಿಟ್‌ನಲ್ಲಿ ಓಡಿಸಿದರೆ ಆಕಾರವೇ ಕೆಡುತ್ತದೆ.

ಕಿನ್ನಾಳದ ಗೊಂಬೆಯನ್ನು ಯಂತ್ರ ಮಾಡಲಿ ಅಂತ ನಾನು ಹೇಳ್ತಿಲ್ಲ. ಆದರೆ ಚಿತ್ರಗಾರರು ಒಪ್ಪಿ, ಅವರ ಹೆಸರಲ್ಲೇ ಯಾರಾದರೂ ಆ ಗೆರೆಗಳನ್ನು ದಾಖಲಿಸಿದರೆ, ಅದು ಇನ್ನೊಂದು ಕಂಪನಿಯ ಬೀಗದೊಳಗೆ ಹೋಗಬಾರದು. ಇಟಗಿಯ ಕಂಬ ಓದೋಕೆ ಲೈಸೆನ್ಸ್ ಬೇಕಿಲ್ಲ, ಬರೀ ಕಣ್ಣು ಸಾಕು. ಫೈಲ್ ಕೂಡ ಅದಕ್ಕೆ ಆದಷ್ಟು ಹತ್ತಿರ ಇರಲಿ.